ಗ್ರೇಟ್ ಪ್ಲೇನ್ಸ್‌ನಲ್ಲಿ ಸೂಪರ್‌ಸೆಲ್ ಚೇಸ್: ಎಷ್ಟು ಹತ್ತಿರ, ಯಾವ ಬದಿ?

ಬಯಲುದಾರಿ

ಎಲ್ಲರಿಗೂ ನಮಸ್ಕಾರ. ಮೇ ಕೊನೆಯ ವಾರ ನಾನೂ ನನ್ನ ಗೆಳೆಯನೂ ಅಮೆರಿಕದ ಗ್ರೇಟ್ ಪ್ಲೇನ್ಸ್ ಬಯಲಿಗೆ, ಒಕ್ಲಹೋಮಾ, ಕ್ಯಾನ್ಸಸ್ ಕಡೆ ಸೂಪರ್‌ಸೆಲ್ ಚೇಸ್‌ಗೆ, ಅಂದರೆ ಸುಂಟರಗಾಳಿ ಹುಟ್ಟಿಸಬಲ್ಲ ದೊಡ್ಡ ಗುಡುಗುಮೋಡಗಳ ಹಿಂದೆ ಹೋಗಿ ನೋಡಲು ಹೊರಟಿದ್ದೇವೆ. ಇಬ್ಬರಿಗೂ ಇದು ಹೊಸದು. ಬಾಡಿಗೆ ಕಾರು ಗೊತ್ತು ಮಾಡಿದ್ದೇವೆ, ಫೋನಿನಲ್ಲಿ ರಡಾರ್ ಆ್ಯಪ್ ಇದೆ. ಸುಂಟರಗಾಳಿಯಿಂದ ಎಷ್ಟು ದೂರ ಇದ್ದರೆ ಸಾಕು? ಒಬ್ಬರು ಒಂದು ಮೈಲಿ ಅಂತಾರೆ, ಇನ್ನೊಬ್ಬರು ಐದು ಅಂತಾರೆ. ಮತ್ತೆ, ಬೆಳಿಗ್ಗೆ ಎದ್ದು ಯಾವ ಊರಿನ ಕಡೆ ಹೊರಡಬೇಕು ಅಂತ ನೀವೆಲ್ಲ ಹೇಗೆ ತೀರ್ಮಾನ ಮಾಡುತ್ತೀರಿ?

ಪೂರ್ವದಿಕ್ಕು

ಹೊರಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಎಷ್ಟು ದೂರ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಯಾವ ಬದಿ ಅನ್ನುವುದು ಇತ್ಯರ್ಥ ಆಗಬೇಕು. ಒಂದೇ ಸೂಪರ್‌ಸೆಲ್‌ಗೆ ಆಗ್ನೇಯದಲ್ಲಿ ಮೂರು ಮೈಲಿ ದೂರ ನಿಂತವರಿಗೆ ಎಲ್ಲವೂ ಬಿಚ್ಚಿಟ್ಟ ಹಾಗೆ ಕಾಣುತ್ತದೆ. ಈಶಾನ್ಯದಲ್ಲಿ ಅಷ್ಟೇ ದೂರ ನಿಂತವರಿಗೆ ಮಳೆ ಮತ್ತು ಆಲಿಕಲ್ಲು ಬಿಟ್ಟರೆ ಏನೂ ಕಾಣುವುದಿಲ್ಲ. ಸುಂಟರಗಾಳಿ ಬಂದರೂ ಆ ಮಳೆಯ ಪರದೆಯ ಹಿಂದಿನಿಂದಲೇ ಬರುತ್ತದೆ.

ಕಾರಣ ಬಿರುಗಾಳಿಯ ರಚನೆಯಲ್ಲೇ ಇದೆ. ಸೂಪರ್‌ಸೆಲ್‌ನ ಒಳಗೆ ತಿರುಗುತ್ತಾ ಮೇಲೇರುವ ಒಂದು ಗಾಳಿಯ ಕಂಬ ಇರುತ್ತದೆ, ಅದೇ ಏರುಗಾಳಿ. ಪ್ಲೇನ್ಸ್‌ನಲ್ಲಿ ನೆಲದ ಹತ್ತಿರ ಗಾಳಿ ಆಗ್ನೇಯದಿಂದ ಬೀಸುತ್ತಿರುತ್ತದೆ. ಮೇಲೆ ಮೇಲೆ ಹೋದಂತೆ ಅದು ನೈರುತ್ಯಕ್ಕೆ, ಪಶ್ಚಿಮಕ್ಕೆ ತಿರುಗಿ ಜೋರಾಗುತ್ತದೆ. ಹಾಗಾಗಿ ಕೆಳಗಿನ ಗಾಳಿ ನೆಲಕ್ಕೆ ಅಡ್ಡಲಾಗಿ ಸುರುಳಿ ಸುತ್ತುತ್ತಿರುತ್ತದೆ. ಏರುಗಾಳಿ ಆ ಸುರುಳಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ. ಮೇಲಿನ ಗಾಳಿ ಮಳೆಯನ್ನೂ ಆಲಿಕಲ್ಲನ್ನೂ ಈಶಾನ್ಯದ ಕಡೆ ಹೊತ್ತು ಹೋಗಿ ಸುರಿಯುತ್ತದೆ. ಏರುಗಾಳಿಯ ಕೆಳಗೆ ಮಾತ್ರ ಮಳೆ ಬೀಳುವುದಿಲ್ಲ. ಅಲ್ಲಿ ಮೋಡದ ತಳ ಸಮತಟ್ಟಾಗಿ ಕಪ್ಪಗಿರುತ್ತದೆ. ವಾಲ್ ಕ್ಲೌಡ್, ಅಂದರೆ ತಳದಿಂದ ಕೆಳಕ್ಕೆ ಜೋತುಬೀಳುವ ಗೋಡೆಯಂಥ ಮೋಡ, ಇಳಿಯುವುದು ಅಲ್ಲೇ, ಸುಂಟರಗಾಳಿ ಹುಟ್ಟುವುದಾದರೆ ಅದೂ ಅಲ್ಲೇ. ಆ ಜಾಗವನ್ನು ಅಡ್ಡಿಯಿಲ್ಲದೆ ನೋಡುವುದಕ್ಕೆ ದಕ್ಷಿಣ ಅಥವಾ ಆಗ್ನೇಯದಲ್ಲಿ ಇರಬೇಕು.

ಸಾಮಾನ್ಯ ಗುಡುಗುಮೋಡದ ಮಳೆ ಅದರದ್ದೇ ಏರುಗಾಳಿಯ ಮೇಲೆ ಬಿದ್ದು ಉಸಿರು ಕಟ್ಟಿಸುತ್ತದೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ಆ ಮೋಡ ಸಾಯುತ್ತದೆ. ಸೂಪರ್‌ಸೆಲ್ ಗಂಟೆಗಟ್ಟಲೆ ಬದುಕುತ್ತದೆ. ಮಳೆ ಒಂದು ಕಡೆ ಸುರಿಯುತ್ತದೆ, ಉಸಿರು ಇನ್ನೊಂದು ಕಡೆಯಿಂದ ಎಳೆದುಕೊಳ್ಳುತ್ತದೆ. ಅದಕ್ಕೇ ಅದರ ಜೊತೆ ಪ್ರಯಾಣ ಮಾಡಲು ಸಾಧ್ಯವಾಗುತ್ತದೆ.

ಇನ್ನೊಂದು ವಿಷಯ ನೆನಪಿರಲಿ. ಪ್ರಬಲವಾದ ಸೂಪರ್‌ಸೆಲ್ ಸುತ್ತಲಿನ ಬೇರೆ ಮೋಡಗಳ ದಾರಿ ಬಿಟ್ಟು ಬಲಕ್ಕೆ ತಿರುಗುತ್ತದೆ. ಉಳಿದವೆಲ್ಲ ಈಶಾನ್ಯಕ್ಕೆ ಹೋಗುತ್ತಿದ್ದರೆ ಇದು ಪೂರ್ವಕ್ಕೆ, ಕೆಲವೊಮ್ಮೆ ಆಗ್ನೇಯಕ್ಕೇ ಬರುತ್ತದೆ. ಅಂದರೆ ನೀವು ನಿಂತ ಕಡೆಗೇ. ಆಗ್ನೇಯ ಅಂದ ಕೂಡಲೇ ಅಲ್ಲಿ ಕುರ್ಚಿ ಹಾಕಿ ಕೂರುವ ಹಾಗಿಲ್ಲ. ದಕ್ಷಿಣಕ್ಕೆ ಇಳಿಯುವ ಒಂದು ಡಾಂಬರು ರಸ್ತೆ ಯಾವಾಗಲೂ ಕೈಗೆ ಸಿಗುವ ಹಾಗಿರಬೇಕು.

ರಡಾರ್‌ಮನೆ

ಪೂರ್ವದಿಕ್ಕು ಸರ್ ಹೇಳಿದ್ದು ಸರಿಯಾಗಿದೆ. ನಾನು ಬೆಳಗಿನ ಕೆಲಸದ ಬಗ್ಗೆ ಬರೆಯುತ್ತೇನೆ.

ಒಕ್ಲಹೋಮಾದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ (ಸರ್ಕಾರದ ಬಿರುಗಾಳಿ ಮುನ್ಸೂಚನೆ ಕೇಂದ್ರ) ದಿನಕ್ಕೆ ಹಲವು ಸಲ ಔಟ್‌ಲುಕ್, ಅಂದರೆ ಮುನ್ಸೂಚನೆ ಕೊಡುತ್ತದೆ. ಅಲ್ಲಿನ ಬೇಸಿಗೆಯ ಗಡಿಯಾರದ ಪ್ರಕಾರ ಬೆಳಿಗ್ಗೆ 8ಕ್ಕೆ, 11:30ಕ್ಕೆ, ಮಧ್ಯಾಹ್ನ 3ಕ್ಕೆ ಬರುವವು ಚೇಸ್ ಮಾಡುವವರಿಗೆ ಮುಖ್ಯ. ಅಪಾಯಕ್ಕೆ ಕಡಿಮೆಯಿಂದ ಹೆಚ್ಚಿಗೆ ಮಾರ್ಜಿನಲ್, ಸ್ಲೈಟ್, ಎನ್ಹಾನ್ಸ್ಡ್, ಮಾಡರೇಟ್, ಹೈ ಅಂತ ಐದು ಮಟ್ಟ. ಹೊಸಬರು ಬಣ್ಣದ ನಕ್ಷೆ ಮಾತ್ರ ನೋಡುತ್ತಾರೆ. ಕೆಳಗಿನ ಬರಹವನ್ನು ದಯವಿಟ್ಟು ಪೂರ್ತಿ ಓದಿ. ಮೋಡ ಯಾವಾಗ ಏಳಬಹುದು, ಬಿಡಿಯಾಗಿ ನಿಲ್ಲುತ್ತದಾ ಅಥವಾ ಬೇಗನೆ ಒಂದು ಸಾಲಾಗಿ ಕೂಡಿಕೊಳ್ಳುತ್ತದಾ, ಎಲ್ಲ ಅಲ್ಲೇ ಇರುತ್ತದೆ.

ಆಮೇಲೆ ನಾನು ಡ್ಯೂ ಪಾಯಿಂಟ್ (ಗಾಳಿಯ ತೇವದ ಅಳತೆ, ಹೆಚ್ಚಿದಷ್ಟೂ ತೇವ ಹೆಚ್ಚು) ನಕ್ಷೆ ತೆಗೆಯುತ್ತೇನೆ. ಗಲ್ಫ್ ಆಫ್ ಮೆಕ್ಸಿಕೊದಿಂದ ಬರುವ ತೇವ ಎಲ್ಲಿಯವರೆಗೆ ಬಂದಿದೆ ಅಂತ ಅದು ಹೇಳುತ್ತದೆ. ಮೇ ತಿಂಗಳಲ್ಲಿ 65 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಗಮನ ಕೊಡುತ್ತೇನೆ. ಪಶ್ಚಿಮದಲ್ಲಿ ಮರುಭೂಮಿಯ ಕಡೆಯ ಒಣಗಾಳಿ ಇರುತ್ತದೆ. ಎರಡೂ ಸೇರುವ ಗಡಿಯೇ ಡ್ರೈ ಲೈನ್. ಅದರ ಈಚೆಗೆ ಬೆವರು ಆರುವುದೇ ಇಲ್ಲ, ಆಚೆಗೆ ತುಟಿ ಒಡೆಯುತ್ತದೆ. ಕೆಲವೇ ಮೈಲಿಗಳಲ್ಲಿ ಡ್ಯೂ ಪಾಯಿಂಟ್ 20, 30 ಡಿಗ್ರಿ ಬಿದ್ದುಬಿಡುತ್ತದೆ. ಮಧ್ಯಾಹ್ನ ಈ ಗೆರೆ ಪೂರ್ವಕ್ಕೆ ಸರಿಯುತ್ತದೆ. ಅದು ಪೂರ್ವಕ್ಕೆ ಉಬ್ಬಿಕೊಂಡ ಕಡೆ, ಅಥವಾ ಹಿಂದಿನ ರಾತ್ರಿಯ ಮಳೆ ಬಿಟ್ಟುಹೋದ ತಂಪುಗಾಳಿಯ ಗಡಿ ಅದಕ್ಕೆ ಬಂದು ತಾಗಿದ ಕಡೆ ನನ್ನ ಬೆರಳು ನಿಲ್ಲುತ್ತದೆ.

ಮತ್ತೆ ಕ್ಯಾಪ್. ಒಂದೆರಡು ಕಿಲೋಮೀಟರ್ ಮೇಲೆ ಕೂತಿರುವ ಬಿಸಿಗಾಳಿಯ ಪದರ ಇದು. ಕುದಿಯುವ ಪಾತ್ರೆಯ ಮುಚ್ಚಳ ಅಂದುಕೊಳ್ಳಿ. ಮುಚ್ಚಳವೇ ಇಲ್ಲದಿದ್ದರೆ ಮಧ್ಯಾಹ್ನಕ್ಕೆಲ್ಲ ಎಲ್ಲೆಂದರಲ್ಲಿ ಮಳೆ ಬಂದು ಶಕ್ತಿಯೆಲ್ಲ ಹಂಚಿಹೋಗುತ್ತದೆ. ತುಂಬಾ ಬಿಗಿಯಾಗಿದ್ದರೆ ಸಂಜೆಯವರೆಗೂ ನೀಲಿ ಆಕಾಶ, ಬರಿಗೈ. ಸಂಜೆ ಐದರ ಹೊತ್ತಿಗೆ ಒಂದೆರಡು ಕಡೆ ಮಾತ್ರ ಒಡೆಯುವಷ್ಟು ಇದ್ದರೆ ಆ ಒಂದೆರಡು ಮೋಡಗಳಿಗೆ ಎಲ್ಲ ಬಿಸಿ, ಎಲ್ಲ ತೇವ ಸಿಗುತ್ತದೆ.

ಬಯಲುದಾರಿ

ಇಬ್ಬರಿಗೂ ಧನ್ಯವಾದ. ಹೈ ರಿಸ್ಕ್ ಇದ್ದ ದಿನವೇ ಹೋಗಬೇಕು ಅಂದುಕೊಂಡಿದ್ದೆವು. ಅದು ಸರಿಯಾ?

ರಡಾರ್‌ಮನೆ

ನನ್ನ ಮಟ್ಟಿಗೆ ಹೊಸಬರಿಗೆ ಅದು ಬೇಡವೇ ಬೇಡ. ಹೈ ರಿಸ್ಕ್ ದಿನ ಮೋಡಗಳು ಗಂಟೆಗೆ 50, 60 ಮೈಲಿ ವೇಗದಲ್ಲಿ ಓಡುವುದು ಸಾಮಾನ್ಯ. ಒಂದರ ಹಿಂದೆ ಒಂದು ಬರುತ್ತಿರುತ್ತವೆ. ಒಂದನ್ನು ನೋಡುತ್ತಾ ನಿಂತರೆ ಇನ್ನೊಂದು ಬೆನ್ನ ಹಿಂದಿನಿಂದ ಬರುತ್ತದೆ. ರಸ್ತೆ ತುಂಬ ವಾಹನ ಬೇರೆ. ಮೇಲಾಗಿ ಆ ಮಟ್ಟ ಇದ್ದ ಮಾತ್ರಕ್ಕೆ ಕಂಡೇ ಕಾಣುತ್ತದೆ ಅಂತಲೂ ಇಲ್ಲ. 2019ರ ಮೇ 20ರಂದು ಒಕ್ಲಹೋಮಾ ಮತ್ತು ಟೆಕ್ಸಸ್‌ಗೆ ಹೈ ರಿಸ್ಕ್ ಕೊಟ್ಟಿದ್ದರು. ಎಷ್ಟೋ ಶಾಲೆಗಳಿಗೆ ರಜೆ ಕೊಟ್ಟರು. ಸುಂಟರಗಾಳಿಗಳು ಬಂದವು, ಆದರೆ ಹೆದರಿದಷ್ಟು ಭೀಕರವಾದ ಸರಣಿ ಬರಲಿಲ್ಲ. ಜನರಿಗೆ ಅದು ಒಳ್ಳೆಯದೇ ಆಯಿತು.

ಇನ್ನೊಂದು ಕಡೆ 2010ರ ಮೇ 31ರ ಕ್ಯಾಂಪೊ, ಕೊಲರಾಡೊ ನೋಡಿ. ಖಾಲಿ ಬಯಲಲ್ಲಿ ಒಂದೇ ಸುಂಟರಗಾಳಿ, ಹೆಚ್ಚುಕಡಿಮೆ ನಿಂತಲ್ಲೇ ನಿಂತ ಹಾಗೆ. ಅದರ ಫೋಟೊಗಳನ್ನು ಇವತ್ತಿಗೂ ಜನ ಹುಡುಕಿ ನೋಡುತ್ತಾರೆ. ಸ್ಲೈಟ್, ಎನ್ಹಾನ್ಸ್ಡ್ ದಿನಗಳಲ್ಲಿ ನಿಧಾನಕ್ಕೆ ಸಾಗುವ ಬಿಡಿ ಮೋಡ ಸಿಕ್ಕರೆ ಕಲಿಯುವುದಕ್ಕೆ ಅದಕ್ಕಿಂತ ಬೇಕಾ?

ಮಣ್ಣುರಸ್ತೆ

ಎಲ್ಲರೂ ಆಕಾಶದ ಬಗ್ಗೆಯೇ ಹೇಳುತ್ತಿದ್ದಾರೆ, ನಾನು ನೆಲದ ಬಗ್ಗೆ ಹೇಳುತ್ತೇನೆ. ಚೇಸ್‌ನಲ್ಲಿ ಜಾಸ್ತಿ ಜನ ತೊಂದರೆಗೆ ಸಿಕ್ಕುವುದು ರಸ್ತೆಯಲ್ಲೇ.

ಕ್ಯಾನ್ಸಸ್, ಒಕ್ಲಹೋಮಾದ ಬಹುಭಾಗದಲ್ಲಿ ರಸ್ತೆಗಳು ಮೈಲಿಗೊಂದರಂತೆ ಚೌಕಚೌಕವಾಗಿ ಹೋಗುತ್ತವೆ. ನಕ್ಷೆಯಲ್ಲಿ ನೋಡಿದರೆ ಎಲ್ಲಿ ಬೇಕಾದರೂ ಹೋಗಬಹುದು ಅನಿಸುತ್ತದೆ. ಆದರೆ ಮೋಡ ಚೌಕದ ಮೇಲೆ ಹೋಗುವುದಿಲ್ಲ, ಓರೆಯಾಗಿ ಹೋಗುತ್ತದೆ. ಅದು ಈಶಾನ್ಯಕ್ಕೆ 10 ಮೈಲಿ ಹೋದರೆ ನೀವು ಪೂರ್ವಕ್ಕೆ 7, ಉತ್ತರಕ್ಕೆ 7, ಒಟ್ಟು 14 ಮೈಲಿ ಓಡಿಸಬೇಕು. ಮೋಡದ ವೇಗ ಗಂಟೆಗೆ 35 ಮೈಲಿ ಇದ್ದರೆ ನಿಮ್ಮ ಸರಾಸರಿ 50 ಇರಬೇಕು. ನಡುವೆ ಸ್ಟಾಪ್ ಸೈನ್, ಟ್ರ್ಯಾಕ್ಟರ್, ಫೋಟೊ ತೆಗೆಯಲು ನಿಂತ ಹೊತ್ತು ಎಲ್ಲ ಸೇರಿ. ಹಿಂದೆ ಬಿದ್ದರೆ ಹಿಂದೆಯೇ. ಮತ್ತೆ ಹಿಡಿಯಲು ಹೋಗಿ ಆಲಿಕಲ್ಲಿನ ಒಳಗೆ ನುಗ್ಗಬೇಡಿ. ಬಿಟ್ಟುಬಿಡಿ, ದಕ್ಷಿಣದಲ್ಲಿ ಇನ್ನೊಂದು ಏಳುತ್ತಿರಬಹುದು.

ಆ ಚೌಕದ ರಸ್ತೆಗಳಲ್ಲಿ ಎಷ್ಟೋ ಬರೀ ಮಣ್ಣಿನವು. ಒಣಗಿದ್ದಾಗ ಚೆನ್ನಾಗಿಯೇ ಇರುತ್ತವೆ. ಒಕ್ಲಹೋಮಾದ ಕೆಂಪು ಜೇಡಿಗೆ ಒಂದು ಮಳೆ ಬಿದ್ದರೆ ಸಾಕು. ಚಕ್ರದ ಗೆರೆಗಳಲ್ಲೆಲ್ಲ ಮಣ್ಣು ಮೆತ್ತಿ ಟಯರ್ ನುಣ್ಣಗಾಗಿಬಿಡುತ್ತದೆ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೂ ಕಾರು ತನ್ನಷ್ಟಕ್ಕೆ ಚರಂಡಿಯ ಕಡೆ ಜಾರುತ್ತದೆ. ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿಗಳೇ ಅಲ್ಲಿ ಸಿಕ್ಕಿಕೊಂಡಿರುವುದನ್ನು ನೋಡಿದ್ದೇನೆ. ಬಾಡಿಗೆ ಕರಾರನ್ನೂ ಓದಿಕೊಳ್ಳಿ. ಡಾಂಬರಿಲ್ಲದ ರಸ್ತೆಗೆ ಇಳಿಯಬಾರದು ಅಂತ ಎಷ್ಟೋ ಕರಾರುಗಳಲ್ಲಿ ಇರುತ್ತದೆ. ಆಲಿಕಲ್ಲಿನ ಹಾನಿ ಯಾರ ಲೆಕ್ಕಕ್ಕೆ ಅಂತಲೂ ಕೇಳಿ ತಿಳಿದುಕೊಳ್ಳಿ.

ನದಿಗಳನ್ನು ಮೊದಲೇ ಗುರುತು ಮಾಡಿಕೊಳ್ಳಿ. ಟೆಕ್ಸಸ್‌ನ ಉತ್ತರ ತುದಿಯ ಪ್ಯಾನ್‌ಹ್ಯಾಂಡಲ್‌ನಲ್ಲಿ ಕೆನೇಡಿಯನ್ ನದಿಗೆ ಸೇತುವೆಗಳು ಬೆರಳೆಣಿಕೆಯಷ್ಟು. ರೆಡ್ ರಿವರ್ ಕೂಡ ಹಾಗೇ. ಮೋಡ ನದಿಯ ಆಚೆ ದಾಟಿತು, ಸೇತುವೆ ಹತ್ತಾರು ಮೈಲಿ ದೂರ, ಅಲ್ಲಿಗೆ ಆ ದಿನ ಮುಗಿದ ಹಾಗೇ. ತಪ್ಪಿಸಿಕೊಳ್ಳುವಾಗ ಹೀಗಾದರೆ ಇನ್ನೂ ಕಷ್ಟ. ನೆಬ್ರಾಸ್ಕಾದ ಸ್ಯಾಂಡ್‌ಹಿಲ್ಸ್ ಮರಳುದಿಬ್ಬಗಳಲ್ಲಿ ಚೌಕವೂ ಇಲ್ಲ, ರಸ್ತೆಗಳೂ ಬಹಳ ವಿರಳ. ಮೋಡ ಎಷ್ಟೇ ಚೆಂದ ಇದ್ದರೂ ಹೊಸಬರು ಅಲ್ಲಿ ಅದರ ಹಿಂದೆ ಹೋಗಬಾರದು.

ಪೆಟ್ರೋಲ್ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸಿ. ಕರೆಂಟ್ ಹೋದರೆ ಬಂಕ್‌ನ ಪಂಪೂ ನಿಲ್ಲುತ್ತದೆ.

ಕ್ಯಾಮೆರಾಕಣ್ಣು

ಎಲ್ಲರೂ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಒಂದು ಮಾತು. ತುಂಬಾ ದೂರದಿಂದ ನೋಡಿದರೆ ಬೂದು ಬಣ್ಣದ ಹಿನ್ನೆಲೆಯಲ್ಲಿ ಒಂದು ಬೂದು ಗೆರೆ ಅಷ್ಟೇ. ಹತ್ತಿರ ಹೋದವರಿಂದಲೇ ಅಲ್ವಾ ನಮಗೆ ಇಷ್ಟೆಲ್ಲ ಗೊತ್ತಾಗಿರುವುದು? ಸುಂಟರಗಾಳಿ ಸಂಶೋಧಕ ಟಿಮ್ ಸಮರಸ್ 2003ರಲ್ಲಿ ಸೌತ್ ಡಕೋಟಾದ ಮ್ಯಾಂಚೆಸ್ಟರ್ ಹತ್ತಿರ ಸುಂಟರಗಾಳಿಯ ದಾರಿಯಲ್ಲೇ ಉಪಕರಣ ಇಟ್ಟರು. ಒತ್ತಡ 100 ಮಿಲಿಬಾರ್ ಕುಸಿದದ್ದು ಅದರಲ್ಲಿ ದಾಖಲಾಯಿತು. ಐದು ಮೈಲಿ ದೂರ ನಿಂತಿದ್ದರೆ ಅದು ಆಗುತ್ತಿರಲಿಲ್ಲ. ಸುರಕ್ಷತೆ ಬೇಕು, ಆದರೆ ಹೊಸಬರಿಗೆ ಹತ್ತಿರ ಹೋಗುವುದೇ ತಪ್ಪು ಅಂತ ಕಲಿಸುವುದು ಸರಿಯಲ್ಲ ಅನಿಸುತ್ತದೆ.

ಪೂರ್ವದಿಕ್ಕು

ಕ್ಯಾಮೆರಾಕಣ್ಣು ಅವರೇ, ಇದು ನ್ಯಾಯವಾದ ಪ್ರಶ್ನೆ. ಅದೇ ಟಿಮ್ ಸಮರಸ್ ಅವರ ಹೆಸರಿಂದಲೇ ಉತ್ತರ ಹೇಳಬೇಕಾಗಿದೆ.

2013ರ ಮೇ 31, ಒಕ್ಲಹೋಮಾದ ಎಲ್ ರೆನೊ. ಸಂಜೆ ಆರು ದಾಟಿದ ಮೇಲೆ ಸುಂಟರಗಾಳಿ ನೆಲ ಮುಟ್ಟಿತು. ಸುಮಾರು 40 ನಿಮಿಷ ಇತ್ತು. ಮೊದಲು ಆಗ್ನೇಯದ ಕಡೆ ಬಂತು. ಆಮೇಲೆ ಪೂರ್ವಕ್ಕೆ, ಅಲ್ಲಿಂದ ಈಶಾನ್ಯಕ್ಕೆ ತಿರುಗಿತು. ತಿರುಗುತ್ತಲೇ ವೇಗ ಹೆಚ್ಚಿಸಿಕೊಂಡಿತು, ಅಗಲವೂ ಆಯಿತು. ಕೊನೆಗೆ 2.6 ಮೈಲಿ ಅಗಲ. ಅಂದರೆ 4 ಕಿಲೋಮೀಟರ್‌ಗಿಂತ ಜಾಸ್ತಿ. ದಾಖಲಾದವುಗಳಲ್ಲಿ ಅದಕ್ಕಿಂತ ಅಗಲವಾದದ್ದು ಇಲ್ಲ. ಅದರೊಳಗೆ ಚಿಕ್ಕ ಸುಳಿಗಳು ಒಂದರ ಸುತ್ತ ಒಂದು ಓಡುತ್ತಿದ್ದವು. ಹೊರಗೆ ಮಳೆ ಸುತ್ತಿಕೊಂಡಿತ್ತು. ಎಲ್ಲಿಂದ ಎಲ್ಲಿಯವರೆಗೆ ಸುಂಟರಗಾಳಿ, ಎಲ್ಲಿಂದ ಮಳೆ ಅಂತ ಕಣ್ಣಿಗೆ ತಿಳಿಯುವ ಹಾಗಿರಲಿಲ್ಲ. ಟಿಮ್ ಸಮರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಆ ದಿನ ತೀರಿಕೊಂಡರು. ಅವರು ಹುಡುಗಾಟದವರಲ್ಲ. ಆ ಕೆಲಸದಲ್ಲಿ ಅತ್ಯಂತ ಎಚ್ಚರದವರು ಅಂತಲೇ ಹೆಸರಾದವರು.

ಅಲ್ಲಿ ದೂರದ ಲೆಕ್ಕ ಹೇಗೆ ಕೈಕೊಟ್ಟಿತು ನೋಡಿ. ನೀವು ಸುಂಟರಗಾಳಿಯ ಅಂಚಿನಿಂದ ಒಂದು ಮೈಲಿ ಅಂತ ಲೆಕ್ಕ ಹಾಕುತ್ತೀರಿ. ಅಂಚೇ ಕೆಲವು ನಿಮಿಷದಲ್ಲಿ ಒಂದು ಮೈಲಿ ಮುಂದೆ ಬಂದರೆ ಆ ಲೆಕ್ಕಕ್ಕೆ ಏನು ಅರ್ಥ? ಅದಕ್ಕೇ ಮೈಲಿಯ ಸಂಖ್ಯೆ ಕೇಳಿದವರಿಗೆ ನಾನು ಸಂಖ್ಯೆ ಕೊಡುವುದಿಲ್ಲ. ಮೋಡ ಬಲಕ್ಕೆ ತಿರುಗಿದರೆ, ಎಡಕ್ಕೆ ತಿರುಗಿದರೆ, ವೇಗ ಎರಡರಷ್ಟಾದರೆ, ಈ ಮೂರಕ್ಕೂ ನಿಮ್ಮ ಹತ್ತಿರ ದಾರಿ ಇದೆಯಾ? ಇದ್ದರೆ ನಿಂತ ಜಾಗ ಸರಿ. ಒಂದಕ್ಕೆ ಇಲ್ಲದಿದ್ದರೂ ಹೊರಡಿ.

ಮ್ಯಾಂಚೆಸ್ಟರ್‌ನ ಅಳತೆಯ ಬೆಲೆ ನನಗೂ ಗೊತ್ತು. ಅದು ವರ್ಷಗಟ್ಟಲೆ ತಯಾರಿ ಮಾಡಿಕೊಂಡವರ ಕೆಲಸ. ರಜೆಯಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಹೊರಟವರ ಫೋಟೊಗೂ ಅದಕ್ಕೂ ಹೋಲಿಕೆ ಬೇಡ.

ರಡಾರ್‌ಮನೆ

ಇದಕ್ಕೆ ರಡಾರ್ ವಿಷಯ ಸೇರಿಸಲೇಬೇಕು. ಬಯಲುದಾರಿ ಅವರು ಫೋನಿನಲ್ಲಿ ಆ್ಯಪ್ ಇದೆ ಅಂದರಲ್ಲ, ಅದರ ಮಿತಿ ತಿಳಿದಿರಲಿ.

ಅಲ್ಲಿ ಕಾಣುವುದು ಈಗಿನ ಚಿತ್ರ ಅಲ್ಲ. ರಡಾರ್ ಬೇರೆಬೇರೆ ಎತ್ತರದಲ್ಲಿ ಸುತ್ತಿ ಒಂದು ಸರದಿ ಮುಗಿಸುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ನಿಮಿಷ ಬೇಕು. ನಡುವೆ ಕೆಳಮಟ್ಟದ ಚಿತ್ರ ಹೆಚ್ಚುವರಿಯಾಗಿ ಬರಬಹುದು. ಆದರೂ ಫೋನಿಗೆ ತಲುಪುವಷ್ಟರಲ್ಲಿ ತಡ ಆಗಿಯೇ ಇರುತ್ತದೆ, ಸಿಗ್ನಲ್ ಇಲ್ಲದ ಕಡೆ ಇನ್ನೂ ತಡ. ಗಂಟೆಗೆ 30 ಮೈಲಿ ವೇಗದ ಮೋಡ ಐದು ನಿಮಿಷದಲ್ಲಿ ಎರಡೂವರೆ ಮೈಲಿ ಸರಿದಿರುತ್ತದೆ. ತೆರೆಯ ಮೇಲೆ ಸುಳಿ ನಿಮ್ಮಿಂದ ಮೂರು ಮೈಲಿ ಅಂತ ಕಂಡರೆ ನಿಜವಾಗಿ ಅದು ನಿಮ್ಮ ಪಕ್ಕದ ರಸ್ತೆಯಲ್ಲಿರಬಹುದು. ಚಿತ್ರದ ಮೇಲಿನ ಸಮಯ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಎತ್ತರವೂ ಒಂದು ತೊಂದರೆ. ರಡಾರ್ ಕಿರಣ ಅರ್ಧ ಡಿಗ್ರಿ ಮೇಲಕ್ಕೆ ಹೋಗುತ್ತದೆ, ಭೂಮಿ ಕೆಳಕ್ಕೆ ಬಾಗುತ್ತದೆ. 100 ಕಿಲೋಮೀಟರ್ ದೂರದಲ್ಲಿ ಕಿರಣ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿರುತ್ತದೆ. ಕೆಳಗೆ ಏನು ನಡೆಯುತ್ತಿದೆ ಅಂತ ಅದಕ್ಕೆ ಕಾಣುವುದಿಲ್ಲ. ಅದಕ್ಕೇ ರಾಷ್ಟ್ರೀಯ ಹವಾಮಾನ ಸೇವೆಯವರಿಗೆ ನೆಲದ ಮೇಲಿನ ಕಣ್ಣುಗಳು ಬೇಕು. ಹಾಗೆ ನೋಡಿ ವರದಿ ಕೊಡುವ ಸ್ವಯಂಸೇವಕರಿಗೆ ಅವರ ಸ್ಕೈವಾರ್ನ್ ತರಬೇತಿ ಉಚಿತವಾಗಿಯೇ ಸಿಗುತ್ತದೆ, ಹೋಗುವ ಮೊದಲು ಮಾಡಿಕೊಳ್ಳಿ.

ರಡಾರ್ ಚಿತ್ರದಲ್ಲಿ ಸುಂಟರಗಾಳಿಯ ಸೂಚನೆಯಾದ ಕೊಕ್ಕೆಯ ಆಕಾರ ಕಾಣುವುದು 1953ರ ಏಪ್ರಿಲ್‌ನಲ್ಲಿ ಇಲಿನಾಯ್‌ನ ರಡಾರ್ ಒಂದರಲ್ಲಿ ಮೊದಲು ದಾಖಲಾಯಿತು. ಗಾಳಿಯ ವೇಗವನ್ನೂ ಅಳೆಯುವ ಡಾಪ್ಲರ್ ರಡಾರ್‌ನಲ್ಲಿ ಸುಂಟರಗಾಳಿಯ ಸುಳಿವು ಸಿಕ್ಕಿದ್ದು 1973ರ ಮೇ 24ರಂದು ಒಕ್ಲಹೋಮಾದ ಯೂನಿಯನ್ ಸಿಟಿಯ ಮೋಡದಲ್ಲಿ. ಆ ದಿನ ಸಂಶೋಧಕರ ತಂಡ ನೆಲದ ಮೇಲಿದ್ದು ಹುಟ್ಟಿನಿಂದ ಸಾವಿನವರೆಗೆ ಚಿತ್ರೀಕರಿಸಿತು. ಎರಡನ್ನೂ ಹೋಲಿಸಿ ನೋಡಿದ್ದರಿಂದಲೇ ರಡಾರ್‌ನ ಗುರುತು ಅರ್ಥವಾಯಿತು. ಕ್ಯಾಮೆರಾಕಣ್ಣು ಅವರು ಹೇಳಿದ ಹಾಗೆ ಚೇಸ್ ಮಾಡಿದವರ ಋಣ ಇದೆ, ಅದು ನಿಜ.

ಶೆಲ್ಟರ್‌ಬಾಗಿಲು

ನಾನು ಒಕ್ಲಹೋಮಾ ಸಿಟಿಯ ದಕ್ಷಿಣಕ್ಕೆ ವಾಸ ಮಾಡುತ್ತೇನೆ. ಇಲ್ಲಿ ಶನಿವಾರ ಮಧ್ಯಾಹ್ನ 12ಕ್ಕೆ ಸೈರನ್ ಪರೀಕ್ಷೆ ಮಾಡುತ್ತಾರೆ. ಬೇರೆ ಹೊತ್ತಿನಲ್ಲಿ ಅದು ಕೂಗಿದರೆ ಮಕ್ಕಳ ಕೈ ಹಿಡಿದು ಶೆಲ್ಟರ್‌ಗೆ ಇಳಿಯುವುದೇ. ಚೇಸ್ ಮಾಡುವವರಿಗೆ ಇಲ್ಲಿನವರ ಕಡೆಯಿಂದ ಎರಡು ಮಾತು ಹೇಳಬೇಕು ಅನಿಸಿತು.

2013ರ ಮೇ 20ರಂದು ಒಕ್ಲಹೋಮಾದ ಮೂರ್ ಪಟ್ಟಣದಲ್ಲಿ ಇಎಫ್5, ಅಂದರೆ ಅತ್ಯಂತ ಪ್ರಬಲ ದರ್ಜೆಯ ಸುಂಟರಗಾಳಿ ಬಂದು 24 ಜನ ತೀರಿಕೊಂಡರು. ಅದರಲ್ಲಿ ಏಳು ಮಕ್ಕಳು ಶಾಲೆಯಲ್ಲಿದ್ದವರು. ಅದಾಗಿ ಹನ್ನೊಂದೇ ದಿನಕ್ಕೆ ಎಲ್ ರೆನೊ. ಜನರಿಗೆ ಮನೆಯಲ್ಲಿ ಕೂರಲು ಧೈರ್ಯ ಬರಲಿಲ್ಲ. ಕಾರು ಹತ್ತಿ ಹೊರಟರು. ಹೆದ್ದಾರಿಗಳು ಕಟ್ಟಿಕೊಂಡವು. ಸುಂಟರಗಾಳಿ ಆ ಸಾಲುಗಳ ಮೇಲೆ ಬಂದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಳ್ಳಲೂ ಆಗುವುದಿಲ್ಲ. ಅಂಥ ಸಂಜೆ ರಸ್ತೆಯಲ್ಲಿ ಒಂದೊಂದು ಹೆಚ್ಚಿನ ವಾಹನವೂ ಯಾರದೋ ದಾರಿಗೆ ಅಡ್ಡ.

ಹಾಗಾಗಿ ಊರಿನ ಕಡೆ ಮೋಡ ತಿರುಗಿದರೆ ನೀವು ಊರೊಳಗೆ ಬರಬೇಡಿ. ಲೇನ್‌ನಲ್ಲಿ ನಿಲ್ಲಿಸಬೇಡಿ, ಬಾಗಿಲು ರಸ್ತೆಯ ಕಡೆ ತೆರೆದಿಡಬೇಡಿ. ಆಂಬುಲೆನ್ಸ್‌ಗೆ ದಾರಿ ಬಿಡಿ. ಮನೆಗಳು ಬಿದ್ದ ಕಡೆ ನೀವೇ ಮೊದಲು ತಲುಪಿದರೆ ಕ್ಯಾಮೆರಾ ಒಳಗಿಟ್ಟು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಮಳೆಯಲ್ಲಿ ತಮ್ಮ ಮನೆಯ ಮುಂದೆ ನಿಂತವರ ಮುಖದ ಫೋಟೊ ತೆಗೆಯಬೇಡಿ. ಇದನ್ನು ಕೇಳಿಕೊಳ್ಳುತ್ತೇನೆ.

ಹಾಗೇ, ನೀವು ಸರಿಯಾದ ವರದಿ ಕೊಟ್ಟರೆ ನಮಗೆ ನಿಮಿಷಗಳು ಉಳಿಯುತ್ತವೆ. ಅದಕ್ಕೆ ನಾನು ಮನಸಾರೆ ಋಣಿ.

ಪೂರ್ವದಿಕ್ಕು

ಮೇಡಂ, ಬರೆದದ್ದಕ್ಕೆ ಧನ್ಯವಾದ. ಹೊರಡುವ ಪ್ರತಿಯೊಬ್ಬರೂ ಇದನ್ನು ಓದಬೇಕು.

ವರದಿಯ ಬಗ್ಗೆ: ನೀವು ಎಲ್ಲಿ ನಿಂತಿದ್ದೀರಿ, ಯಾವ ದಿಕ್ಕಿಗೆ ನೋಡುತ್ತಿದ್ದೀರಿ, ಏನು ಕಾಣುತ್ತಿದೆ, ಎಷ್ಟು ಹೊತ್ತಿಗೆ. ಇಷ್ಟು ಸಾಕು. ತಿರುಗುತ್ತಿದೆ ಅಂತ ಹೇಳುವ ಮೊದಲು ಒಂದು ಕಡೆ ಕಣ್ಣು ನೆಟ್ಟು ನೋಡಿ. ಜೋತುಬಿದ್ದ ಹರಕು ಮೋಡದ ಚೂರುಗಳು ಸುಂಟರಗಾಳಿಯ ಹಾಗೇ ಕಾಣುತ್ತವೆ. ಅವು ಮೇಲೇರಬಹುದು, ಪಕ್ಕಕ್ಕೆ ತೇಲಬಹುದು, ಆದರೆ ಒಂದು ನಡುಬಿಂದುವಿನ ಸುತ್ತ ಸುತ್ತುವುದಿಲ್ಲ.

ಗೋಧಿಹೊಲ

ಇಷ್ಟೆಲ್ಲ ಓದಿ ಬಯಲುದಾರಿ ಅವರು ಹೆದರಿ ರಜೆ ರದ್ದು ಮಾಡದಿರಲಿ. ದೂರ ನಿಂತರೆ ಏನೂ ಸಿಗುವುದಿಲ್ಲ ಅನ್ನುವ ಮಾತಿಗೆ ನಾನು ಉತ್ತರ ಹೇಳುತ್ತೇನೆ.

ಪಶ್ಚಿಮ ಕ್ಯಾನ್ಸಸ್‌ನಲ್ಲಿ ಒಂದು ಸಂಜೆ ಏರುಗಾಳಿಯಿಂದ ಸುಮಾರು ಹತ್ತು ಮೈಲಿ ಆಗ್ನೇಯಕ್ಕೆ ನಿಂತಿದ್ದೆವು. ಅಲ್ಲಿಂದ ಇಡೀ ಮೋಡ ಒಂದೇ ನೋಟಕ್ಕೆ ಸಿಗುತ್ತಿತ್ತು. ಬುಡದಿಂದ ಮೇಲಿನವರೆಗೆ ತಿರುಚಿದ ಗೆರೆಗಳು. ಮೇಲೆ ಆನ್ವಿಲ್, ಅಂದರೆ ಮೋಡದ ಚಪ್ಪಟೆ ನೆತ್ತಿ, ನಮ್ಮ ತಲೆ ದಾಟಿ ಪೂರ್ವಕ್ಕೆ ಹರಡಿತ್ತು, ಅದರ ಅಡಿಯಲ್ಲಿ ಜೋತುಬಿದ್ದ ಚೀಲಗಳಂಥ ಮ್ಯಾಮಟಸ್ ಗೊಂಚಲುಗಳಿಗೆ ಇಳಿಬಿಸಿಲು ಬಿದ್ದು ಕಿತ್ತಳೆ ಬಣ್ಣ. ಬೆನ್ನ ಹಿಂದಿನಿಂದ ಬೆಚ್ಚನೆಯ ತೇವದ ಗಾಳಿ ಬೀಸುತ್ತಾ ಮೋಡದ ಕಡೆಗೇ ಹೋಗುತ್ತಿತ್ತು. ಹೊಲದ ಗೋಧಿ ತೆನೆಗಳೆಲ್ಲ ಆ ಕಡೆ ಬಾಗಿದ್ದವು. ಗಾಳಿ ಸ್ವಲ್ಪ ತಗ್ಗಿದಾಗ ಒಂದು ಸದ್ದು ಕೇಳಿಸಿತು. ಗುಡುಗಲ್ಲ, ನಿಲ್ಲದೆ ಮೊರೆಯುವ ಸದ್ದು. ಮೇಲೆ ಆಲಿಕಲ್ಲುಗಳು ಒಂದಕ್ಕೊಂದು ಬಡಿಯುವ ಮೊರೆತ ಅದು ಅನ್ನುತ್ತಾರೆ. ಆ ದಿನ ಸುಂಟರಗಾಳಿ ಬರಲೇ ಇಲ್ಲ. ನೋಡಿದ್ದರಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದ ಮೋಡ ಅದೇ.

ಹೆಚ್ಚಿನ ಸೂಪರ್‌ಸೆಲ್‌ಗಳು ಸುಂಟರಗಾಳಿ ಹುಟ್ಟಿಸುವುದೇ ಇಲ್ಲ. ಸುಂಟರಗಾಳಿ ಒಂದನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಹೋದರೆ ಬಹಳಷ್ಟು ದಿನ ಬೇಸರದಲ್ಲೇ ವಾಪಸ್ ಬರುತ್ತೀರಿ.

ಕ್ಯಾಮೆರಾಕಣ್ಣು

ಗೋಧಿಹೊಲ ಅವರು ಹೇಳಿದ ಆ ಗಾಳಿಯ ಗುರುತು ಬಹಳ ಉಪಯೋಗದ್ದು. ಬೆನ್ನಿಗೆ ಬೆಚ್ಚಗೆ ಬೀಸುತ್ತಿದ್ದ ಗಾಳಿ ಫಕ್ಕನೆ ನಿಂತು ಪಶ್ಚಿಮದಿಂದ ತಂಪಾಗಿ ಮುಖಕ್ಕೆ ಹೊಡೆದರೆ ಮೋಡದ ಇಳಿಗಾಳಿ ನಿಮ್ಮನ್ನು ಮುಟ್ಟಿದೆ ಅಂತ ಅರ್ಥ. ಆಗ ಟ್ರೈಪಾಡ್ ಮಡಚಿ ಹೊರಡುವುದೇ ಸರಿ.

ಪೂರ್ವದಿಕ್ಕು ಸರ್, ನಿಮ್ಮ ಮೂರು ದಾರಿಯ ಪ್ರಶ್ನೆ ಒಪ್ಪಿದೆ. ಒಳ್ಳೆಯ ರಸ್ತೆ, ತಿಳಿಯಾದ ನೋಟ, ನಿಧಾನದ ಮೋಡ ಈ ಮೂರೂ ಸಿಕ್ಕಿದಾಗ ಮಾತ್ರ ಹತ್ತಿರ ಅನ್ನುತ್ತೇನೆ. ಮಳೆ ಸುತ್ತಿಕೊಂಡ ಸೂಪರ್‌ಸೆಲ್ ಹತ್ತಿರ ನಾನೂ ಹೋಗುವುದಿಲ್ಲ.

ಬಯಲುದಾರಿ

ನಾವು ಖಂಡಿತ ಬರುತ್ತೇವೆ. ಶೆಲ್ಟರ್‌ಬಾಗಿಲು ಮೇಡಂ ಬರೆದದ್ದನ್ನು ಗೆಳೆಯನಿಗೂ ಓದಿ ಹೇಳಿದೆ. ಇನ್ನು ಎರಡೇ ಪ್ರಶ್ನೆ. ಆಲಿಕಲ್ಲಿನಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕು? ಹೆದ್ದಾರಿಯ ಮೇಲ್ಸೇತುವೆ ಕೆಳಗೆ ನಿಲ್ಲಬಹುದಾ?

ಮಣ್ಣುರಸ್ತೆ

ಮೇಲ್ಸೇತುವೆ ಕೆಳಗೆ ನಿಲ್ಲಲೇಬಾರದು. ಸುಂಟರಗಾಳಿ ಬಂದರೆ ಆ ಇಕ್ಕಟ್ಟಿನಲ್ಲಿ ಗಾಳಿ ಇನ್ನೂ ರಭಸವಾಗಿ ನುಗ್ಗುತ್ತದೆ, ಹಾರಿಬರುವ ವಸ್ತುಗಳೂ ಅಲ್ಲೇ ಬಡಿಯುತ್ತವೆ. 1999ರ ಮೇ 3ರಂದು ಒಕ್ಲಹೋಮಾದಲ್ಲಿ ಮೇಲ್ಸೇತುವೆಗಳ ಕೆಳಗೆ ಆಸರೆ ಪಡೆದವರಲ್ಲಿ ಮೂವರು ಸತ್ತರು. ಬರೀ ಆಲಿಕಲ್ಲಾದರೂ ಅಲ್ಲಿ ನಾಲ್ಕು ಕಾರು ನಿಂತರೆ ಹೆದ್ದಾರಿಯೇ ಕಟ್ಟಿಕೊಳ್ಳುತ್ತದೆ. ಹಿಂದೆ ಬರುವವರಿಗೆ ಮಳೆಯಲ್ಲಿ ಕಾಣುವುದೂ ಇಲ್ಲ.

ಆಲಿಕಲ್ಲು ಶುರುವಾದರೆ ದಕ್ಷಿಣಕ್ಕೆ ಹೊರಬರಲು ನೋಡಿ. ಆಗದಿದ್ದರೆ ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಸರಿದು, ಕಲ್ಲು ಮುಂದಿನ ಗಾಜಿಗೆ ಬೀಳುವ ಹಾಗೆ ಕಾರು ತಿರುಗಿಸಿ ನಿಲ್ಲಿಸಿ. ಮುಂದಿನ ಗಾಜು ಪದರವಿರುವುದು, ಒಡೆದರೂ ಚೂರುಗಳು ಅಂಟಿಕೊಂಡಿರುತ್ತವೆ. ಪಕ್ಕದ ಗಾಜು ಪುಡಿಪುಡಿಯಾಗಿ ಒಳಗೆ ಬೀಳುತ್ತದೆ. ಕಿಟಕಿಯಿಂದ ದೂರ ಸರಿದು ಕಣ್ಣಿಗೆ ಬಟ್ಟೆ ಅಡ್ಡ ಹಿಡಿಯಿರಿ. ಒಂದು ಇಂಚಿನ ಕಲ್ಲಿಗೇ ಹವಾಮಾನ ಸೇವೆ ತೀವ್ರ ಅಂತ ಹೆಸರು ಕೊಡುತ್ತದೆ. ಸೌತ್ ಡಕೋಟಾದ ವಿವಿಯನ್‌ನಲ್ಲಿ 2010ರ ಜುಲೈನಲ್ಲಿ ಸಿಕ್ಕ ಕಲ್ಲು 8 ಇಂಚು ಅಗಲ, ತೂಕ ಸುಮಾರು 880 ಗ್ರಾಂ. ಅದರ ಮುಂದೆ ಯಾವ ಗಾಜೂ ನಿಲ್ಲುವುದಿಲ್ಲ.

ಗೋಧಿಹೊಲ

ಸಿಡಿಲನ್ನು ಯಾರೂ ಹೇಳಲಿಲ್ಲ. ಮಳೆ ಬೀಳುತ್ತಿರುವ ಜಾಗದಿಂದ ಹತ್ತು ಮೈಲಿ ಆಚೆಗೂ ಸಿಡಿಲು ಬಡಿಯಬಹುದು. ಬಯಲಲ್ಲಿ ಎಲ್ಲಕ್ಕಿಂತ ಎತ್ತರ ಇರುವುದು ನೀವು ಮತ್ತು ನಿಮ್ಮ ಟ್ರೈಪಾಡ್. ಹತ್ತಿರದಲ್ಲಿ ಬಡಿಯಲು ಶುರುವಾದರೆ ಕಾರಿನೊಳಗೆ ಕೂತು ಗಾಜು ಏರಿಸಿ. ಹೊಲದ ತಂತಿ ಬೇಲಿಗೆ ಒರಗಬೇಡಿ. ಬೇಲಿಗೆ ಎಲ್ಲೋ ದೂರದಲ್ಲಿ ಬಡಿದರೂ ತಂತಿಯಲ್ಲಿ ಹರಿದು ಬರುತ್ತದೆ.

ಪೂರ್ವದಿಕ್ಕು

ಕತ್ತಲಾದ ಮೇಲೆ ಚೇಸ್ ಬೇಡ. ಸೂರ್ಯ ಮುಳುಗಿದ ಮೇಲೆ ಕೆಳಮಟ್ಟದ ಗಾಳಿ ಜೋರಾಗುತ್ತದೆ, ಸುಂಟರಗಾಳಿಯ ಸಾಧ್ಯತೆಯೂ ಕೆಲವು ದಿನ ಆಗಲೇ ಹೆಚ್ಚುತ್ತದೆ. ನಿಮಗೆ ಕಾಣುವುದು ಮಾತ್ರ ಮಿಂಚು ಹೊಡೆದ ಕ್ಷಣ ಅಷ್ಟೇ.

ವಾಪಸ್ ಬರುವ ದಾರಿ ಇನ್ನೂ ಮುಖ್ಯ. 2022ರ ಏಪ್ರಿಲ್ ಕೊನೆಯಲ್ಲಿ ಕ್ಯಾನ್ಸಸ್‌ನಲ್ಲಿ ಚೇಸ್ ಮುಗಿಸಿ ವಾಪಸ್ ಹೊರಟಿದ್ದ ಒಕ್ಲಹೋಮಾ ವಿಶ್ವವಿದ್ಯಾಲಯದ ಮೂವರು ಹವಾಮಾನ ವಿದ್ಯಾರ್ಥಿಗಳು ರಸ್ತೆ ಅಪಘಾತದಲ್ಲಿ ತೀರಿಕೊಂಡರು. 2017ರ ಮಾರ್ಚ್‌ನಲ್ಲಿ ಟೆಕ್ಸಸ್‌ನ ಸ್ಪರ್ ಹತ್ತಿರ ಎರಡು ವಾಹನ ಡಿಕ್ಕಿಯಾಗಿ ಮೂವರು ಚೇಸರ್‌ಗಳು ಹೋದರು. ಇವರ್ಯಾರನ್ನೂ ಸುಂಟರಗಾಳಿ ಮುಟ್ಟಿರಲಿಲ್ಲ. ನೀವು ಇಬ್ಬರಿದ್ದೀರಿ. ಒಬ್ಬರು ಓಡಿಸಲಿ, ಆಕಾಶ, ರಡಾರ್, ನಕ್ಷೆ ಎಲ್ಲ ಇನ್ನೊಬ್ಬರ ಕೆಲಸ. ಓಡಿಸುವವರಿಗೆ ಮೋಡ ನೋಡಬೇಕು ಅನಿಸಿದರೆ ಕಾರು ನಿಲ್ಲಿಸಲಿ. ದಿನವಿಡೀ ನೂರಾರು ಮೈಲಿ ಓಡಿಸಿದ ಮೇಲೆ ರಾತ್ರಿ ಮತ್ತೆ ನಾಲ್ಕು ಗಂಟೆ ಓಡಿಸುವ ಯೋಚನೆ ಬೇಡ, ಅಲ್ಲೇ ಹತ್ತಿರದ ಊರಲ್ಲಿ ಕೋಣೆ ಹಿಡಿಯಿರಿ.

ಬಯಲುದಾರಿ

ಎಲ್ಲವನ್ನೂ ಬರೆದುಕೊಂಡೆ. ಗೆಳೆಯ ಚೆನ್ನಾಗಿ ಓಡಿಸುತ್ತಾನೆ, ನಕ್ಷೆ ನನ್ನ ಕೈಲಿರುತ್ತದೆ. ಹೊರಡುವ ದಿನ ಬೆಳಿಗ್ಗೆ ನಮ್ಮ ಆಯ್ಕೆ ಇಲ್ಲಿ ಹಾಕಿದರೆ ಯಾರಾದರೂ ಒಮ್ಮೆ ನೋಡುತ್ತೀರಾ?

ರಡಾರ್‌ಮನೆ

ಖಂಡಿತ. 8ರ ಔಟ್‌ಲುಕ್ ಓದಿ, ಡ್ರೈ ಲೈನ್ ಎಲ್ಲಿ ಬರುತ್ತದೆ ಅಂತ ನೀವೇ ಮೊದಲು ಗೆರೆ ಎಳೆಯಿರಿ. ಆ ಚಿತ್ರ ಹಾಕಿ. ನಾನು 11:30ರ ಒಳಗೆ ನೋಡಿ ಬರೆಯುತ್ತೇನೆ.

ಮಣ್ಣುರಸ್ತೆ

ಊರಿನ ಹೆಸರು ಹಾಕಿ ಸಾಕು, ಅಲ್ಲಿನ ಸೇತುವೆಗಳನ್ನೂ ಡಾಂಬರು ರಸ್ತೆಗಳನ್ನೂ ನಾನು ಗುರುತು ಮಾಡಿ ಕೊಡುತ್ತೇನೆ.